ಹಸಿರು ಗುಂಡಿಯ ಮುಯ್ಯಾಳು

ನಮ್ಮೂರು ದುಂಡಸಿಯೊಳಗ ಸೀರಿ ಮ್ಯಾಲೆ ತೊಡೂ ಜಂಪರ್ ಹೊಲಿಯಾಕ ಬಾರದ ಹೆಣ್ಣುಮಗಳು ಒಬ್ಬಾಕಿನೂ ಇಲ್ಲ ಅಂತ ಘೋಷಣೆ ಆಗೈತಿ. ಬೋರ್ಡಿನ ಮ್ಯಾಲೆ ಬರದಾರ. ನನಗ ಓದಾಕ ಬರೂದಿಲ್ಲ, ಆದ್ರ ಅದರಾಗ ನನ್ನ ಹೆಸರೂ ಐತಂತ. ಸೂಜಿಗೆ ದಾರ ಪೋಣಿಸಾಕ ನನಗ ಕಣ್ಣು ಕಾಣೂದಿಲ್ಲ ಅನ್ನೂದು ಬ್ಯಾರೆ ಮಾತು.

ಆಗಿದ್ದಿಷ್ಟ. ನಮ್ಮೂರಾಗ ಉಚಿತ ಆನ್‌ಲೈನ್ ಕಲಿಕಾ ಕೇಂದ್ರ ತೆಗೆದ್ರು. ಹೆಸರು ಹಚ್ಚಿದವರಿಗೆ ಕೈಚೀಲ ಕೊಟ್ರು. ಚೀಲ ಚಲೋ ಇತ್ತು, ಎಲ್ಲಾರೂ ಹಚ್ಚಿದ್ವಿ. ಹೊಲಿಗಿ ಕೋರ್ಸು ಯಾರೂ ಮುಗಸಲಿಲ್ಲ. ಆಗ ಆದೇಶ ಬಂತು: "ನೋಂದಾಯಿತರೆಲ್ಲರೂ ಯುಗಾದಿಯೊಳಗಾಗಿ ಉತ್ತೀರ್ಣರಾಗತಕ್ಕದ್ದು. ಒಬ್ಬರು ಉಳಿದರೂ ಕೇಂದ್ರಕ್ಕೆ ಬೀಗ ಹಾಕಲಾಗುವುದು." ಕೇಂದ್ರ ನೋಡ್ಕೊಳ್ಳಾಕಿ ನನ್ನ ಮೊಮ್ಮಗಳು ಶೈಲಶ್ರೀ. ಬೀಗ ಬಿದ್ರ ಅಕಿ ನೌಕರಿ ಹೋತು.

ಮೊಬೈಲಿನ್ಯಾಗ ಟೀಚರಮ್ಮ ಹೇಳ್ಕೋಂತ ಹೋಗತಾಳ. ನಡುನಡುವ "ಕಲಿಯುತ್ತಿದ್ದೀರಾ?" ಅಂತ ಹಸಿರು ಗುಂಡಿ ಬರತೈತಿ. ಒತ್ತದಿದ್ರ ಮತ್ತ ಮೊದಲಿಂದ. ನಾವು ಹೊಲದ ಕೆಲಸ ಮುಯ್ಯಾಳಿನ ಮ್ಯಾಲೆ ಮಾಡಾವ್ರು. ಇವತ್ತ ನಾ ನಿನ್ನ ಹೊಲಕ್ಕ, ನಾಳೆ ನೀ ನನ್ನ ಹೊಲಕ್ಕ. ಕೋರ್ಸನ್ನೂ ಹಂಗ ಮಾಡಿದ್ವಿ. ಒಬ್ಬಾಕಿ ಕಟ್ಟಿ ಮ್ಯಾಲೆ ಎಲ್ಲಾರ ಮೊಬೈಲ್ ಹಪ್ಪಳದಂಗ ಹರವಿಕೊಂಡು ಗುಂಡಿ ಒತ್ತೂದು, ಉಳಿದವರು ಕಳೆ ತಗಿಯೂದು. ಸರದಿ ಪ್ರಕಾರ ಒತ್ತಿ ಎಲ್ಲಾರೂ ಪಾಸಾದ್ವಿ.

ದಿಲ್ಶಾದ ಒಬ್ಬಾಕಿ ಫೇಲ್. ಯಾಕಂದ್ರ ಅಕಿ ಕಲಿಯಾಕತ್ತಿದ್ಲು. ಮೊಬೈಲ್ ಕಟ್ಟಿಗೆ ಕೊಡಲಿಲ್ಲ, ಗುಂಡಿ ಬಂದಾಗೆಲ್ಲ ಅಕಿ ಕೈಯಾಗ ಕತ್ತರಿ ಇರತಿತ್ತು.

ತಪಾಸಣೆಗೆ ಬಂದ ಶ್ರೀಪಾದ ಸಾಹೇಬ್ರು ಅಕಿ ಹೊಲಿದ ಜಂಪರ್ ಎತ್ತಿ ನೋಡಿದ್ರು. "ಹೊಲಿಗಿ ಏನೋ ಛಲೋ ಅದ. ಆದ್ರ ಕಲಿತೀರಿ ಅನ್ನಲಿಕ್ಕೆ ಪುರಾವೆ ಇಲ್ಲ."

"ಜಂಪರ್ ಐತಲ್ರಿ ಸಾಹೇಬ್ರ. ತೋಳು ಹಚ್ಚೂದೊಂದ ಉಳದೈತಿ."

"ಜಂಪರ್ ಅಪ್‌ಲೋಡ್ ಆಗಂಗಿಲ್ಲ ತಾಯಿ."

ಶೈಲಶ್ರೀ ಮಾರಿ ಸಣ್ಣದಾತು. ನಾ ದಿಲ್ಶಾದಳ ಬಾಜೂಕ ಕುಂತೆ. "ಯವ್ವಾ, ಕಲಿಯೂದು ಬಿಡು. ಈ ಹುಡುಗಿ ನೌಕರಿ ಉಳೀಲಿ."

"ತೋಳಿನ ಪಾಠ ಒಂದ ನೋಡಿಬಿಡ್ತೇನಿ ಅಜ್ಜಿ."

"ಪಾಸಾದ ಮ್ಯಾಲೆ ನೋಡೀಯಂತ. ಮೊಬೈಲ್ ಕೊಡು. ನಾ ಒತ್ತತೇನಿ, ಅದರ ಮುಯ್ಯಿಗೆ ನೀ ಎಲ್ಲಾರಿಗೂ ಒಂದೊಂದು ಜಂಪರ್ ಹೊಲಿ."

ನೋಡೂದು ಬಿಟ್ಲು, ಪಾಸಾದ್ಲು. ಮರುದಿನ ತೋಳಿನ ಪಾಠ ತಗದ್ರ ಮೊಬೈಲ್ ಹೇಳಿತು: "ಉತ್ತೀರ್ಣರಾದವರಿಗೆ ಪಾಠದ ಅಗತ್ಯವಿರುವುದಿಲ್ಲ."

ಯುಗಾದಿ ಆದ ಮ್ಯಾಲೆ ಸಮಾರಂಭ ಆತು. ನಾವೆಲ್ಲಾ ದಿಲ್ಶಾದ ಹೊಲಿದ ಹೊಸಾ ಜಂಪರ್ ತೊಟ್ಟು ಸಾಲಾಗಿ ಕುಂತ್ವಿ. ಮುದುಕಿ ಹರೇದಾಕಿ ಅನ್ನದಂಗ ಒಬ್ಬಾಕಿ ಜಂಪರಿಗೂ ತೋಳಿಲ್ಲ. ಶ್ರೀಪಾದ ಸಾಹೇಬ್ರು ನಮ್ಮ ತೋಳು ನೋಡಿದ್ರು, ಆಮ್ಯಾಲೆ ಮ್ಯಾಲೆ ಫ್ಯಾನ್ ನೋಡಿದ್ರು, ಆಮ್ಯಾಲೆ ಮೈಕಿನ್ಯಾಗ ಹೇಳಿದ್ರು: "ತೋಳು ಐಚ್ಛಿಕ ವಿಷಯವೆಂದು ಪರಿಗಣಿಸಲಾಗಿದೆ." ಎಲ್ಲಾರೂ ಚಪ್ಪಾಳಿ ತಟ್ಟಿದ್ವಿ.

ಶೈಲಶ್ರೀ ನೌಕರಿ ಕಾಯಂ ಆತು. ಥಂಡಿ ದಿನದಾಗ ನಮಗ ಒಂಚೂರು ತ್ರಾಸ ಆಗತೈತಿ, ಸೆರಗು ಹೊದ್ಕೋತೇವಿ. ಅದನ್ನೂ ಮ್ಯಾಲಿನವರಿಗೆ ತಿಳಿಸಿದ್ವಿ. ಬರೂ ವರ್ಷ ಸ್ವೆಟರ್ ಹೆಣಿಯೂ ಕೋರ್ಸು ಕೊಡತಾರಂತ. ಹೆಸರು ಹಚ್ಚೇವಿ. ಈ ಸಲದ ಚೀಲಕ್ಕ ಜಿಪ್ಪೂ ಐತಂತ.