ಕೊರಳಲ್ಲಿ ಕಂಪ್ಯೂಟರ್ ಕಟ್ಟಿಕೊಂಡ ಕಾಕಾ

ನಮ್ಮ ಕಾಕಾ ಕಳ್ಳರಲ್ಲ. ಆದರೂ ಕಳೆದ ವರ್ಷ ಅವರು ಬರುವ ಸುದ್ದಿ ಸಿಕ್ಕರೆ ಸಾಕು, ನಾವು ಲ್ಯಾಪ್‌ಟಾಪ್ ಬಚ್ಚಿಡುತ್ತಿದ್ದೆವು!

ಮಾಳಮಡ್ಡಿಯ ಈ ಬಟ್ಟೆ ವ್ಯಾಪಾರಿಯ ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಪೆನ್‌ಡ್ರೈವ್ ಜೋತಾಡುತ್ತಿತ್ತು. ಅದರೊಳಗೆ ಕಂಪ್ಯೂಟರನ್ನು ನಡೆಸುವ ಇಡೀ ಲಿನಕ್ಸ್ ವ್ಯವಸ್ಥೆ. ಯಾರದೇ ಕಂಪ್ಯೂಟರಿಗೆ ಅದನ್ನು ಚುಚ್ಚಿ ಶುರು ಮಾಡಿದರೆ ಅಷ್ಟು ಹೊತ್ತು ಅದು ಕಾಕಾನ ಕಂಪ್ಯೂಟರ್! ಉಪ್ಪಿನಬೆಟಗೇರಿಯ ಬೀಗರ ಗೃಹಪ್ರವೇಶದಲ್ಲಿ, ಬಂದವರಿಗೆಲ್ಲ ಫೋಟೋ ತೋರಿಸುತ್ತಿದ್ದ ಕಂಪ್ಯೂಟರನ್ನೇ ಬಂದ್ ಮಾಡಿ ಚುಚ್ಚಿದರು. ಬೀಗರು ಹೌಹಾರಿದರು.

"ಗಾಬ್ರಿ ಆಗಬ್ಯಾಡ್ರಿ, ನಿಮ್ಮ ಫೋಟೋ ಎಲ್ಲೂ ಹೋಗೂದಿಲ್ಲ. ಹೊಸಾ ಮನಿ ಜೋಡಿ ಹೊಸಾ ಕಂಪ್ಯೂಟರ್ ಸಿಕ್ತಂತ ತಿಳ್ಕೊಳ್ರಿ!" ಎಂದರು ಕಾಕಾ.

ಹುಚ್ಚು ಎಂದು ನಕ್ಕು ಬಿಡಬಹುದಿತ್ತು. ಆದರೆ ಇದೆಲ್ಲ ಅವರ ಹೆಂಡತಿ, ನಮ್ಮ ಕಾಕುವಿಗಾಗಿ. ಶಿರಗುಪ್ಪಿಯ ಸಾಲೆಯಲ್ಲಿ ಕನ್ನಡ ಕಲಿಸುವ ಕಾಕುವಿಗೆ ಎರಡೇ ವರ್ಷದಲ್ಲಿ ದೃಷ್ಟಿ ಪೂರ್ತಿ ಹೋಯಿತು. ಪಾಠವೆಲ್ಲ ಅವರಿಗೆ ಬಾಯಿಪಾಠ. ಬರೆಯುವ ಕೆಲಸವೆಲ್ಲ ಕಂಪ್ಯೂಟರಿನಲ್ಲಿ.

"ದಿನಾ ಒಬ್ಬರನ್ನ ಕರದು ಓದಿಸಿಕೊಳ್ಳೂದು ನನಗ ಬ್ಯಾಡ. ದೀಪಾವಳಿ ಸೂಟಿ ಮುಗಿಯೂದರಾಗ ಒಬ್ಬಾಕೀನ ಮಾಡಾಕ ಬಂತಂದ್ರ ಛಲೋ. ಇಲ್ಲಂದ್ರ ರಾಜೀನಾಮೆ ಕೊಡ್ತೇನಿ," ಎಂದು ಖಡಕ್ಕಾಗಿ ಹೇಳಿಬಿಟ್ಟಿದ್ದರು. ಸಾಲೆ ಬಿಟ್ಟರೆ ಕಾಕು ಮೊದಲಿನ ಕಾಕು ಆಗಿ ಉಳಿದಾರೆಯೇ? ಕಾಕಾನಿಗೆ ಅದೇ ಹೆದರಿಕೆ.

ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೇನೋ ಇದೆ. ಆದರೆ ಪ್ರತಿಸಲ ಅದನ್ನು ಶುರು ಮಾಡಿಕೊಡಲು ಕಣ್ಣಿದ್ದವರೊಬ್ಬರು ಬೇಕು! ಇದೆಂಥ ನ್ಯಾಯ? ಅದಕ್ಕೇ ಕಾಕಾ ಐವತ್ತೆಂಟರ ವಯಸ್ಸಿನಲ್ಲಿ ಸ್ಕ್ರಿಪ್ಟ್ ಬರೆಯಲು ಕುಳಿತರು. ಸ್ಕ್ರಿಪ್ಟ್ ಎಂದರೆ ಗಾಬರಿ ಬೇಡ. ಕಂಪ್ಯೂಟರ್ ಎದ್ದ ಕೂಡಲೇ ಯಾರೂ ಹೇಳದೆ ಮಾಡಬೇಕಾದ ಕೆಲಸಗಳ ಚೀಟಿ, ಅಷ್ಟೇ. ಅದು ಯಾವ ಕಂಪ್ಯೂಟರಿನಲ್ಲೂ ನಡೆಯಬೇಕೆಂದೇ ಕಂಡಕಂಡವರ ಮನೆಯಲ್ಲಿ ಪರೀಕ್ಷೆ!

ಕಂಪ್ಯೂಟರ್ ಬಂದ್ ಮಾಡಿದೊಡನೆ ಪೆನ್‌ಡ್ರೈವ್ ಮೊದಲ ಚೀಟಿಯನ್ನು ಮರೆತುಬಿಟ್ಟಿತು. ಅದರಲ್ಲಿ ಉಳಿಸಿಡುವ ಜಾಗವೇ ಬೇರೆ ಎಂದು ತಿಳಿಯಲು ಕಾಕಾನಿಗೆ ಒಂದು ವಾರ ಹಿಡಿಯಿತು. ಎರಡನೆಯದು ಉಳಿಯಿತು, ದನಿ ಬರಲಿಲ್ಲ. ಸ್ಪೀಕರು ಸಜ್ಜಾಗುವ ಮೊದಲೇ ಅದು ಮಾತಾಡಿ ಮುಗಿಸಿತ್ತು.

"ಹತ್ತ ಸೆಕೆಂಡ್ ತಡಿ ಅಂತ ಬರೀರಿ ಕಾಕಾ," ಎಂದೆ. ಜೀವಮಾನದಲ್ಲಿ ಯಾರ ಮಾತೂ ಮುಗಿಯುವ ತನಕ ತಡೆಯದ ಮನುಷ್ಯ ಕಂಪ್ಯೂಟರಿಗೆ ತಡೆಯಲು ಕಲಿಸಿದರು!

ಮೂರನೆಯದು ಮಾತಾಡಿತು. ಮಾತಾಡಿತೆಂದರೆ, ನಿಲ್ಲಿಸಲೇ ಇಲ್ಲ! ಕಾಕಾ ತಮ್ಮದೇ ದನಿ ತುಂಬಿದ್ದರು, ಅದೂ ಸಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ ಅಕ್ಕಾರ ಎಂದು. "ನಮಸ್ಕಾರ ಅಕ್ಕಾರ. ಗುಳಗಿ ತಗೊಂಡ್ರೇನು? ಛತ್ರಿ ಐತೇನು? ಬುತ್ತಿ ಆರೂದರಾಗ ಉಣ್ರಿ..."

ಕಾಕು ಕಿವಿ ಮುಚ್ಚಿಕೊಂಡರು. "ಮನ್ಯಾಗೂ ನೀವ, ಸಾಲ್ಯಾಗೂ ನೀವ ಏನ್ರಿ? ಅಷ್ಟೂ ತಗೀರಿ!"

"ನಮಸ್ಕಾರರೆ ಇರ್ಲಿ?"

"ಅದೂ ಬ್ಯಾಡ!"

ಸೂಟಿ ಮುಗಿದ ದಿನ ಕಾಕಾ ಕರಿದಾರವನ್ನು ಬಿಚ್ಚಿ ಕಾಕುವಿನ ಕೊರಳಿಗೆ ಹಾಕಿದರು. "ಎರಡನೇ ಸಲ ತಾಳಿ ಕಟ್ಟಿದ್ರಲ್ರಿ!" ಎಂದು ನಾನು ಛೇಡಿಸಿದೆ. ಕಾಕು ಮಾತ್ರ, "ಸಾಲಿ ಕಡೆ ಕಾಲಿಟ್ಟೀರಿ ಮತ್ತ!" ಎಂದು ಗಂಡನನ್ನು ಗದರಿ, ಜೊತೆಯ ಶಿಕ್ಷಕಿಯೊಂದಿಗೆ ಬಸ್ಸು ಹತ್ತಿದರು.

ಅರ್ಧ ತಾಸಿನಲ್ಲಿ ಕಾಕಾ ನನ್ನ ಸ್ಕೂಟರಿನ ಮೇಲೆ! ತರಗತಿಯ ಕಿಟಕಿಯ ಪಕ್ಕ ಗೋಡೆಗೆ ಆತು ನಿಂತೆವು. ಒಳಗೆ ಕಾಕು ಸಾಲೆಯ ಕಂಪ್ಯೂಟರನ್ನು ತಡವಿ ಪೆನ್‌ಡ್ರೈವ್ ಚುಚ್ಚಿ, ಗುಂಡಿ ಒತ್ತಿದರು. ಆ ಹಳೆಯ ಯಂತ್ರ ಏಳುವುದಕ್ಕೇ ಒಂದು ಯುಗ. ಮೇಲೆ ಆ ಹತ್ತು ಸೆಕೆಂಡು ಬೇರೆ. ಕಾಕಾ ನನ್ನ ತೋಳು ಹಿಚುಕಿ ಹಿಡಿದಿದ್ದರು.

"ತಯಾರಿದೆ," ಎಂದಿತು ಯಂತ್ರ.

ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಕಾಕಾ ಟೊಪ್ಪಿಗೆಯಿಂದ ಬಾಯಿ ಒತ್ತಿಕೊಂಡರು, ಆದರೂ ಬಿಕ್ಕು ಹೊರಬಿತ್ತು. ಕಾಕು ಹೆಸರು ಕರೆದು ಮುಗಿಸಿ, ಬೆರಳಚ್ಚು ಮಾಡತೊಡಗಿದರು. ಅವರು ಬರೆದದ್ದನ್ನು ಯಂತ್ರ ಸಾಲುಸಾಲಾಗಿ ಓದಿತು.

"ಇಂದಿನ ಹಾಜರಿ. ಮಕ್ಕಳು ಮೂವತ್ತೊಂದು."

ಬೆರಳುಗಳು ಒಂದು ಗಳಿಗೆ ನಿಂತು ಮತ್ತೆ ಓಡಿದವು.

"ಕಿಟಕಿಯ ಹೊರಗೆ ಒಬ್ಬರು ಅಳುತ್ತಿದ್ದಾರೆ. ಅವರು ನನ್ನ ಯಜಮಾನರು. ಒಳಗೆ ಕರೆಯಿರಿ."