ಯಾವ ಯಮನ್ ಛಲೋ ಐತಿ?

ನಮ್ಮ ಕಾಕಾನ ಮನೆಗೆ ಯಾರೇ ಹೋದರೂ ಮೊದಲು ನೀರು ಕೊಡುವ ಪದ್ಧತಿ ಇರಲಿಲ್ಲ. ಮೊದಲು ಕ್ಯಾಸೆಟ್ ಕೇಳಿಸುತ್ತಿದ್ದರು, ಆಮೇಲೆ ನೀರು! ಉತ್ಪ್ರೇಕ್ಷೆ ಅಂದುಕೊಂಡಿರಾ? ಒಮ್ಮೆ ಗ್ಯಾಸ್ ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತಿ ಬಂದವನನ್ನೇ ಕಾಕಾ ಕುರ್ಚಿಯ ಮೇಲೆ ಕೂರಿಸಿದ್ದರು. ಅವನಿಗೆ ಐದು ನಿಮಿಷ ಒಂದು ಯಮನ್ ರಾಗ, ಐದು ನಿಮಿಷ ಇನ್ನೊಂದು ಯಮನ್ ಕೇಳಿಸಿ, "ಈಗ ಹೇಳಪಾ, ಯಾವ ಯಮನ್ ಛಲೋ ಐತಿ?" ಎಂದರು. ಅವನಿಗೆ ಕನ್ನಡವೂ ಬಾರದು, ಯಮನ್ನೂ ಬಾರದು. ಬೆವರು ಒರೆಸಿಕೊಂಡು "ರೆಂಡೂ ಬಾಗುನ್ನಾಯಿ ಸಾರ್" ಎಂದು ತೆಲುಗಿನಲ್ಲಿ ಎರಡಕ್ಕೂ ಸರ್ಟಿಫಿಕೇಟ್ ಕೊಟ್ಟು ಓಡಿದ.

"ಎರಡೂ ಛಲೋ ಅನ್ನಾವನ ಮ್ಯಾಲ ಭರೋಸಾ ಇಡಬಾರ್ದು" ಎಂದರು ಕಾಕಾ. ಅಂದಿನಿಂದ ಆ ಮನೆಯಲ್ಲಿ ಸಿಲಿಂಡರನ್ನು ತೂಕ ಮಾಡಿಸಿಯೇ ಇಳಿಸಿಕೊಳ್ಳತೊಡಗಿದರು!

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಹೈದರಾಬಾದಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ನಡುವೆ ದುಡಿದು ನಿವೃತ್ತರಾಗಿ, ಮೆಹದಿಪಟ್ಟಣಂನಲ್ಲಿ ಹೆಂಡತಿ, ಅಂದರೆ ನನ್ನ ಕಾಕುವಿನೊಂದಿಗೆ ಇದ್ದರು. ಆಗ ಮಾಧಾಪುರದ ಕಡೆ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಂಥದ್ದೊಂದು ಕಟ್ಟಡದಲ್ಲಿ, ಅಮೆರಿಕದವರ ಫೋನಿಗೆ ಉತ್ತರ ಕೊಡುವ ನೌಕರಿ ನನಗೆ ಸಿಕ್ಕಿತು. ಅವರಿಗೆ ಹಗಲಾದಾಗ ನಮಗೆ ರಾತ್ರಿ. ಕಂಪನಿಯ ಗಾಡಿ ಸಂಜೆ ಒಯ್ದು ಮುಂಜಾನೆ ಬಿಡುವ ಕೆಲಸ. ಕಲಬುರಗಿಯ ನಮ್ಮ ಓಣಿಯಲ್ಲಿ ಇದು ಹೇಗೆ ಕೇಳಿಸಿರಬೇಡ! ಅಪ್ಪ ಒಲ್ಲೆ ಎಂದೇ ಬಿಟ್ಟಿದ್ದರು. ಕಾಕಾ ಫೋನಿನಲ್ಲಿ, "ಅಣ್ಣಾ, ಹುಡುಗಿ ದುಡಿಯಾಕ ಹೊಂಟಾಳ, ಓಡಿಹೋಗಾಕಲ್ಲ. ನಮ್ಮ ಮನ್ಯಾಗ ಇರ್ತಾಳ, ಕಳಸು" ಎಂದರು. ಅಪ್ಪ ಕಳಿಸಿದರು. ಹಾಗೆ ನಾನು ನೌಕರಿಗೆ ಸೇರಿದೆ, ಕ್ಯಾಸೆಟ್ಟಿನ ಮನೆಗೂ ಸೇರಿದೆ.

ಭಾನುವಾರ ಸಂಜೆ ಆರಕ್ಕೆ ಅಲ್ಲಿ ಸಭೆ. ಸಭಿಕರು ಮೂವರೇ. ಒಬ್ಬರು ಕಾಕಾ. ಇನ್ನೊಬ್ಬರು ಬಸ್‌ಸ್ಟ್ಯಾಂಡ್ ಹತ್ತಿರ ಗಡಿಯಾರ ರಿಪೇರಿ ಮಾಡುವ ಸಾಹೇಬರು. ಮೂರನೆಯವರು ಬ್ಯಾಂಕಿನಲ್ಲಿದ್ದ ತೆಲುಗಿನವರು; ಅವರನ್ನು ಎಲ್ಲರೂ 'ಬ್ಯಾಂಕ್ ಗಾರು' ಎಂದೇ ಕರೆಯುತ್ತಿದ್ದೆವು. ಮೂವರೂ ಒಬ್ಬನೇ ಹಳೆಯ ಗವಾಯಿಯ ಭಕ್ತರು. ಆ ಪುಣ್ಯಾತ್ಮ ಯಮನ್ ರಾಗವನ್ನು ಬದುಕಿನಲ್ಲಿ ಎಷ್ಟು ಸಲ ಹಾಡಿದ್ದನೋ, ಅಷ್ಟೂ ಸಲದ ಧ್ವನಿಮುದ್ರಣ ಇವರ ಬಳಿ ಇತ್ತು. ರೇಡಿಯೋದಲ್ಲಿ ಹಾಡಿದ್ದು, ಹುಬ್ಬಳ್ಳಿಯಲ್ಲಿ ಹಾಡಿದ್ದು, ಪುಣೆಯಲ್ಲಿ ನೆಗಡಿಯಾಗಿದ್ದಾಗ ಹಾಡಿದ್ದು! ಯಾವುದು ಶ್ರೇಷ್ಠ ಎಂಬ ಜಗಳ ನಾನು ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ಶುರುವಾಗಿತ್ತಂತೆ.

ಕಾಕು ಒಮ್ಮೆ ಉಪ್ಪಿಟ್ಟಿನ ತಾಟು ಇಡುತ್ತ ಕೇಳಿಯೇ ಬಿಟ್ಟರು: "ಅದ ಮನಷ್ಯಾ, ಅದ ರಾಗ, ಅದ ಹಾಡು. ನಾ ಮೂರು ದಿನ ಅದ ಬ್ಯಾಳಿ ಮಾಡಿದ್ರ ಮಾರಿ ತಿರುವ್ತೀರಲ್ಲ?"

ಕಾಕಾ ಗಂಭೀರವಾಗಿ, "ನಿನ್ನ ಬ್ಯಾಳಿನೂ ಮೂರು ದಿನ ಮೂರು ತರಾ ಇರ್ತೈತಿ. ಮಂಗಳವಾರದ್ದು ಭಾಳ ಛಲೋ ಇತ್ತು" ಎಂದರು.

ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಕಾಕು ಬುಧವಾರದಿಂದ ಶನಿವಾರದವರೆಗೆ ಬೇಳೆಯನ್ನೇ ಮಾಡಲಿಲ್ಲ.

ಇಂಥ ಕಾಕಾನಿಗೂ ಒಮ್ಮೆ ಗುಂಡಿ ತೋಡಿದವರು ಗಡಿಯಾರದ ಸಾಹೇಬರು. ಒಂದು ಭಾನುವಾರ ಎರಡು ಹೊಸ ಕ್ಯಾಸೆಟ್ ತಂದು, "ದೋನೋ ಸುನ್ಕೆ ಬೋಲೋ ಸಾಬ್" ಎಂದು ಸುಮ್ಮನೆ ಕೂತರು. ಕಾಕಾ ಕಣ್ಣು ಮುಚ್ಚಿ ಎರಡನ್ನೂ ಕೇಳಿದರು. ಆಮೇಲೆ ತೀರ್ಪು: "ಮೊದಲ್ನೇದು ದೇವರು ಹಾಡಿದಂಗ ಐತಿ. ಎರಡನೇದು ಪ್ರಯಾಸದ ಹಾಡು. ರೈಲಿನಿಂದ ಇಳದವರು ಸೀದಾ ಸ್ಟೇಜಿಗೆ ಬಂದು ಕೂತಾರ. ಊಟಾ ಸೈತ ಆಗಿಲ್ಲ!"

"ಅವುನು ಅವುನು, ಊಟ ಇಲ್ಲದ ದನಿ" ಎಂದು ಬ್ಯಾಂಕ್ ಗಾರು ತಲೆಯಾಡಿಸಿದರು.

ಸಾಹೇಬರು ಗಡ್ಡ ನೀವಿಕೊಂಡು ಮೆಲ್ಲಗೆ ಹೇಳಿದರು: "ದೋನೋ ಏಕಿಚ್ ಹೈ ಸಾಬ್. ಏಕ್‌ಕೋ ದೋ ಕಾಪಿ ಕರಾ ಮೈ."

ಒಂದೇ ಹಾಡಿನ ಎರಡು ಪ್ರತಿ! ಕಾಕಾನ ಮುಖ ನೋಡಬೇಕಿತ್ತು. ನಾಲ್ಕು ಭಾನುವಾರ ಸಭೆ ಬಂದ್. ಐದನೆಯ ಭಾನುವಾರ ಕಾಕಾ ತಾವೇ ಹೋಗಿ ಸಾಹೇಬರನ್ನು ಕರೆತಂದರು. ಬರುವಾಗ ಆ ಎರಡು ಕ್ಯಾಸೆಟ್ಟನ್ನೂ ಇಸಕೊಂಡು ಬಂದಿದ್ದರು. ಯಾಕೆ ಎಂದು ಆಗ ನಮಗೆ ತಿಳಿಯಲಿಲ್ಲ.

ತಿಳಿದದ್ದು ನನಗೆ ವರ ನೋಡಲು ಶುರುವಾದಾಗ. ಮೊದಲು ಬಂದ ಹುಡುಗ ಸಾಫ್ಟ್‌ವೇರಿನವನು. ಅಪ್ಪ ಅಮ್ಮ ಕಲಬುರಗಿಯಿಂದ ಬಂದಿದ್ದರು. ನಾನು ಚಹಾದ ಟ್ರೇ ಹಿಡಿದು ಬರುವಷ್ಟರಲ್ಲಿ ಕಾಕಾ ಹುಡುಗನಿಗೆ ಎರಡೂ ಕ್ಯಾಸೆಟ್ ಕೇಳಿಸಿ ಮುಗಿಸಿದ್ದರು! ಹುಡುಗ ಕಾಲ ಮೇಲೆ ಕಾಲು ಹಾಕಿ, "ಮೊದಲನೇದರಲ್ಲಿ ಡೆಪ್ತ್ ಇದೆ ಅಂಕಲ್. ಎರಡನೇದರಲ್ಲಿ ಕಲಾವಿದರು ಸ್ವಲ್ಪ ದಣಿದಿದ್ದಾರೆ" ಎಂದ.

"ಎಷ್ಟು ದಣದಾರ?"

"ತುಂಬಾನೇ."

ಕಾಕಾ ಅವನಿಗೆ ಎರಡು ಸಲ ಉಪ್ಪಿಟ್ಟು ಬಡಿಸಿ, ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟು, ಒಳಗೆ ಬಂದು "ಬ್ಯಾಡ" ಎಂದರು.

ನನಗೆ ತಡೆಯಲಾಗಲಿಲ್ಲ. "ಕಾಕಾ, ನೀವೂ ಹಂಗ ಅಂದಿದ್ರಲ್ಲ! ಊಟಾ ಆಗಿಲ್ಲ ಅಂದಿದ್ರಿ!"

"ನಾ ಹಾಡಿನ ಹುಚ್ಚಿಗೆ ಸುಳ್ಳಾಡಿದ್ನಿ. ಅವ ನನ್ನ ಖುಷಿ ಮಾಡಾಕ ಸುಳ್ಳಾಡಿದಾ. ಫರಕ ಐತಿ ತಂಗಿ. ನಾಳೆ ನಿನ್ನ ಮುಂದನೂ ಹಂಗ ಆಡ್ತಾನ."

ಎರಡನೆಯವನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯ ಕೆಮಿಸ್ಟ್. ಎರಡನ್ನೂ ಕೇಳಿದ. "ಇನ್ನೊಂದ್ಸಲ ಹಚ್ತೀರೇನ್ರಿ?" ಎಂದ. ಮತ್ತೆ ಕೇಳಿದ. ಹಣೆಯ ಮೇಲೆ ಬೆವರು. ಅವನ ಅಮ್ಮ "ಏನರ ಹೇಳೋ" ಎಂದು ಪಕ್ಕೆ ತಿವಿದರು. ಕೊನೆಗೆ ಅವನು, "ತಪ್ಪ ತಿಳೀಬ್ಯಾಡ್ರಿ ಕಾಕಾ. ನನಗ ಎರಡೂ ಒಂದ ಅನಸಾಕತ್ತಾವ. ನನಗ ಸಂಗೀತ ತಿಳಿಯಂಗಿಲ್ರಿ" ಎಂದ.

ಕಾಕಾ ಎದ್ದು ಹೋಗಿ ಅವನನ್ನು ತಬ್ಬಿಕೊಂಡೇ ಬಿಟ್ಟರು! ಪರೀಕ್ಷೆ ಪಾಸಾದದ್ದು ಅವನಿಗೆ ತಿಳಿಯಲೇ ಇಲ್ಲ. "ಇನ್ನೊಂದ್ಸಲ ಕೇಳ್ಲೇನ್ರಿ?" ಎನ್ನುತ್ತಲೇ ಇದ್ದ.

ಹಾಗಾದರೆ ನನ್ನನ್ನು ಯಾರೂ ಕೇಳಲಿಲ್ಲವೇ? ಕಾಕಾ ಕೇಳಿದರು. ಅಡುಗೆಮನೆಗೆ ಬಂದು, ದನಿ ತಗ್ಗಿಸಿ, "ನಿನಗ ಹೆಂಗ ಅನಸ್ತು? ಮನಸಿಲ್ಲಂದ್ರ ಈಗ ಹೇಳು, ಅಣ್ಣಗ ನಾ ಹೇಳ್ತೀನಿ. ಅವರನ್ನ ಕೇಳೀನಿ, ನೌಕರಿ ಬಿಡಸಂಗಿಲ್ಲ ಅಂದಾರ" ಎಂದರು. ನಾನು ಛಲೋ ಅನಿಸಿತು ಎಂದೆ. ಮದುವೆ ಗೊತ್ತಾಯಿತು.

ಲಗ್ನಪತ್ರಿಕೆ ಅಚ್ಚಾಗಿ ಬಂತು. ಗಡಿಯಾರದ ಸಾಹೇಬರಿಗೆ ನಾನೇ ಕೊಡುತ್ತೇನೆಂದು, ಒಂದು ಮುಂಜಾನೆ ಡ್ಯೂಟಿ ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡಿನಲ್ಲೇ ಗಾಡಿ ಇಳಿದೆ. ಅವರು ಆಗಷ್ಟೇ ಅಂಗಡಿಯ ಶಟರ್ ಎತ್ತುತ್ತಿದ್ದರು. ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಒಂದು ಸ್ಟೂಲು ಒರೆಸಿ ಕೂರಿಸಿದರು. ನಾನು ತಮಾಷೆಗೆ, ಪ್ರತಿ ಭಾನುವಾರ ನಮ್ಮ ಕಾಕಾನನ್ನು ಅದು ಹೇಗೆ ತಡೆದುಕೊಳ್ಳುತ್ತೀರಿ ಎಂದು ಕೇಳಿದೆ.

ಸಾಹೇಬರು ನಕ್ಕರು. "ಏಕ್ ದಿನ್ ಕಹಾಂ, ಬೇಟಿ? ದೋ ಸಾಲ್ ಸೇ ರೋಜ್ ಆತೇ. ದಸ್ ಸೇ ಚಾರ್ ತಕ್ ಇದರಿಚ್ ಬೈಠ್ತೇ. ಇಸೀ ಸ್ಟೂಲ್ ಪೆ."

ದಿನವೂ ಹತ್ತರಿಂದ ನಾಲ್ಕು, ಈ ಸ್ಟೂಲಿನ ಮೇಲೆ? ಎರಡು ವರ್ಷದಿಂದ? ಯಾಕೆ?

"ಘರ್ ಮೇ ಬಚ್ಚಿ ಸೋತೀ ಬೋಲ್ತೇ."

ಮನೆಯಲ್ಲಿ ಹುಡುಗಿ ಮಲಗಿರುತ್ತಾಳೆ ಎಂದು! ಹುಡುಗಿ ಅಂದರೆ ನಾನು! ಕಾಕಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕ್ಯಾಸೆಟ್ ಕೇಳುತ್ತ, ಗಿರಾಕಿಗಳು ಬಂದರೆ ಎದ್ದು ನಿಂತು, ಊಟದ ಡಬ್ಬಿಯನ್ನು ಅಲ್ಲೇ ಬಿಚ್ಚಿ ಉಣ್ಣುತ್ತಾರಂತೆ. ಸಭೆ ಬಂದ್ ಆದ ಆ ನಾಲ್ಕು ವಾರವೂ ಮುನಿಸಿಕೊಂಡೇ ಬಂದು ಕೂತಿದ್ದರಂತೆ. ಕಾಕಾ ಎಲ್ಲಿ ಎಂದು ಕೇಳಿದಾಗಲೆಲ್ಲ ಕಾಕು ನನಗೆ "ಲೈಬ್ರರಿಗೆ ಹೋಗ್ಯಾರ" ಎನ್ನುತ್ತಿದ್ದರು. ನಾನು ನಂಬಿದ್ದೆ. ಮೆಹದಿಪಟ್ಟಣಂನ ಅಷ್ಟು ಹಾರ್ನುಗಳ ನಡುವೆ ಆ ಒಂದು ಮನೆ ಮಾತ್ರ ಹಗಲೆಲ್ಲ ಹೇಗೆ ಅಷ್ಟು ಶಾಂತವಾಗಿರುತ್ತದೆ ಎಂದು ಎರಡು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಮನೆಗೆ ಬಂದಾಗ ಕಾಕಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಕೈಯಲ್ಲಿ ಬಟ್ಟೆಯ ಚೀಲ. ನಾನು ಚೀಲ ಹಿಡಿದುಕೊಂಡೆ.

"ಎಲ್ಲಿಗೆ ಹೊಂಟೀರಿ ಕಾಕಾ?"

"ಲೈಬ್ರರಿಗೆ."

"ಇವತ್ತ ಮನ್ಯಾಗ ಕೇಳೋಣ್ರಿ. ನನಗೂ ಕೇಳಬೇಕಾಗೇತಿ."

ಕಾಕಾ ನನ್ನ ಮುಖ ನೋಡಿದರು. ಸಾಹೇಬರು ಬಾಯಿ ಬಿಟ್ಟಿದ್ದಾರೆ ಎಂದು ಗೊತ್ತಾಯಿತೇನೋ, ಚಪ್ಪಲಿ ಬಿಟ್ಟು ಒಳಗೆ ಬಂದರು. "ಹೊತ್ತು ಮುಂಜಾನಿದು. ಯಮನ್ ಬ್ಯಾಡ, ತೋಡಿ ರಾಗ ಹಚ್ತೀನಿ" ಎಂದು ಕ್ಯಾಸೆಟ್ ಹಾಕಿ, ದನಿಯನ್ನು ಬೇಕೆಂದೇ ಸಣ್ಣಗೆ ಇಟ್ಟರು. ನಾನು ಎದ್ದು ದೊಡ್ಡದು ಮಾಡಿದೆ. ಇವತ್ತು ಕೊನೆಯವರೆಗೂ ಕೇಳಲೇಬೇಕು, ಹೇಗಿತ್ತು ಎಂದು ನಾನೂ ಒಂದು ಮಾತು ಹೇಳಲೇಬೇಕು ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ರಾತ್ರಿಯೆಲ್ಲ ಎದ್ದಿದ್ದ ಮೈ. ಯಾವಾಗ ಕಣ್ಣು ಮುಚ್ಚಿತೋ ತಿಳಿಯದು.

ಎಚ್ಚರವಾದಾಗ ನನ್ನ ಮೇಲೆ ಒಂದು ಚಾದರ ಹೊದಿಸಿತ್ತು, ಮಗ್ಗುಲಿಗೆ ದಿಂಬು ಇತ್ತು. ಟೇಪ್ ರೆಕಾರ್ಡರ್ ಬಂದ್ ಆಗಿತ್ತು. ಎದುರು ಕುರ್ಚಿಯಲ್ಲಿ ಕಾಕಾ ಮಡಿಲಲ್ಲಿ ಕೈ ಇಟ್ಟುಕೊಂಡು ಅಲುಗದೆ ಕೂತಿದ್ದರು. ಗಡಿಯಾರದಲ್ಲಿ ಎರಡೂವರೆ.

ನಾನು ಗಡಬಡಿಸಿ ಏಳಹೋದೆ. ಕಾಕಾ ಕೈಸನ್ನೆ ಮಾಡಿ, ಪಿಸುದನಿಯಲ್ಲಿ ಹೇಳಿದರು:

"ಏಳಬ್ಯಾಡ, ಮಲಗು. ಇನ್ನಾ ನಾಕ ಆಗಿಲ್ಲ."