ಕರ್ರಗಾದ ಬಾಟ್ಲಿ

ಕುಡಿಯುವ ನೀರಿನ ಯೋಜನೆಯೊಂದರಲ್ಲಿ ನೀರು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾದದ್ದು ಇಷ್ಟು: ನಾವು ನೀರನ್ನು ಒಂದು ಸಲ ಪರೀಕ್ಷೆ ಮಾಡಿದರೆ, ಮಂದಿ ನಮ್ಮನ್ನು ನಾಲ್ಕು ಸಲ ಮಾಡುತ್ತಾರೆ. ರೋಣ, ನರಗುಂದ, ಗಜೇಂದ್ರಗಡ ಅಂತ ಖಾಲಿ ಬಾಟ್ಲಿಗಳ ಚೀಲ ಹೊತ್ತು ಬಸ್ಸು ಹತ್ತುತ್ತಿದ್ದೆ. ಚೀಲದ ಸಪ್ಪಳ ಕೇಳಿ ಕಂಡಕ್ಟರು ನನ್ನ ಮುಖವನ್ನೊಮ್ಮೆ, ಚೀಲವನ್ನೊಮ್ಮೆ ನೋಡುತ್ತಿದ್ದ. ಅಲ್ಲಿಂದಲೇ ಪರೀಕ್ಷೆ ಶುರು. ಇಲ್ಲಿ ಬರೆಯುತ್ತಿರುವುದೆಲ್ಲ ನರೇಗಲ್ಲಿನ ಒಂದೇ ಓಣಿಯಿಂದ ಶುರುವಾದದ್ದು.

ಯಾಲಕ್ಕಿ ಹಾಕಿದ ಸ್ಯಾಂಪಲ್

ಆ ಓಣಿಗೆ ಇದ್ದದ್ದು ಒಂದೇ ಬಾವಿ. ಮಳೆಗಾಲದಲ್ಲಿ ಮೂರು ಮಕ್ಕಳು ವಾಂತಿ-ಭೇದಿಯಾಗಿ ದವಾಖಾನೆ ಸೇರಿದ್ದವು. ಡಾಕ್ಟರು "ನೀರು ತೋರಿಸ್ರಿ" ಅಂದರು, ನಾನು ಹೋದೆ. ನೀರು ಕೆಟ್ಟು, ಸರಿಪಡಿಸಿದ ಮೇಲೂ ಕೆಟ್ಟೇ ಇದ್ದರೆ ಬಾವಿಗೆ ಕೆಂಪು ಬಣ್ಣದ ಗುರುತು ಹಾಕಿ ಮುಚ್ಚಬೇಕು. ಆಮೇಲೆ ಹೆಂಗಸರು ಊರ ಆಚೆ ತುದಿಯ ನಲ್ಲಿಯಿಂದ ಕೊಡ ಹೊರಬೇಕು.

ಬಾವಿಯ ಪಕ್ಕದ ಮನೆಯವರು ಹಿತ್ತಾಳೆ ಪಾತ್ರೆಗಳಿಗೆ ಒಳಗೆ ತವರ ಬಳಿದು ಕಲಾಯಿ ಹಾಕುವವರು. ಮನೆಯೊಡತಿಯನ್ನು ಇಡೀ ಓಣಿ ಖಾಲಾ ಅನ್ನುತ್ತಿತ್ತು. ಬಾವಿಕಟ್ಟೆ ತೊಳೆಯುವುದು, ಹಗ್ಗ ಬದಲಿಸುವುದು, ಚಪ್ಪಲಿ ಹಾಕಿಕೊಂಡು ಬಂದವರನ್ನು ಬೈಯುವುದು ಎಲ್ಲಾ ಖಾಲಾನೇ.

"ಬಾವಿ ನೀರು ಈ ಬಾಟ್ಲ್ಯಾಗ ಸ್ವಲ್ಪ ಕೊಡ್ರಿ" ಅಂದೆ. ಒಳಗೆ ಹೋದ ಖಾಲಾ ಅರ್ಧ ತಾಸಾದರೂ ಬರಲಿಲ್ಲ. ಬಂದಾಗ ಬಾಟ್ಲಿ ಬಿಸಿಯಾಗಿತ್ತು, ಘಮ್ಮೆನ್ನುತ್ತಿತ್ತು.

"ಏನ್ ಮಾಡಿದ್ರಿ ಖಾಲಾ?"

"ನಾಕ್ ಪದರ ಅರಿವ್ಯಾಗ ಸೋಸಿದೆ, ಕುದಿಸಿದೆ, ಎರಡು ಯಾಲಕ್ಕಿ ಜಜ್ಜಿ ಹಾಕಿದೆ."

"ಬಾವ್ಯಾಗ ಹ್ಯಾಂಗೈತಿ ಹಂಗ ಬೇಕಿತ್ರಿ ನನಗ."

"ಅಷ್ಟ್ ದೂರದಿಂದ ಬಂದೀರಿ. ಮನಿಗೆ ಬಂದವ್ರಿಗೆ ಹಸೀ ನೀರು ಕೊಡೂದು ನಮ್ಮಲ್ಲಿ ಪದ್ಧತಿ ಇಲ್ಲ ಬಿಡ್ರಿ."

ಆ ಸ್ಯಾಂಪಲನ್ನು ನಾನು ಅಲ್ಲೇ ಕುಡಿದೆ. ನನ್ನ ನೌಕರಿಯಲ್ಲಿ ಅಷ್ಟು ರುಚಿಯಾದ ಸ್ಯಾಂಪಲ್ ಮತ್ತೆ ಸಿಗಲಿಲ್ಲ.

ಹೊಗೆಯ ಮೇಲೆ ಅಪವಾದ

ಆಮೇಲೆ ನಾನೇ ನೀರು ಸೇದಿ ಪರೀಕ್ಷೆಯ ಬಾಟ್ಲಿಗೆ ತುಂಬಿಸಿ ಖಾಲಾ ಕೈಗೆ ಕೊಟ್ಟೆ. ಅದರ ತಳದಲ್ಲಿ ಔಷಧಿ ಹಚ್ಚಿದ ಕಾಗದದ ಚೂರು ಇರುತ್ತದೆ. ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಟ್ಟರೆ, ಹೇಲು-ಸಗಣಿಯ ಹೊಲಸು ಬೆರೆತ ನೀರು ಕರ್ರಗಾಗುತ್ತದೆ.

ಮೂರನೇ ದಿನ ಹೋದಾಗ ಬಾಟ್ಲಿ ಡಾಂಬರಿನಂತಿತ್ತು. ಖಾಲಾ ಮುಖ ಅದಕ್ಕಿಂತ ಕಪ್ಪಾಗಿತ್ತು. "ಕನ್ನಡಿಯಂಗ ಇತ್ತಲ್ರಿ ಅಕ್ಕಾರ ನೀರು!"

"ತಿಳಿ ಇದ್ದ ನೀರೆಲ್ಲಾ ಸ್ವಚ್ಛ ಇರೂದಿಲ್ರಿ ಖಾಲಾ" ಅಂದೆ. ಬಾವಿಯ ಮೇಲುಗಡೆ ದಿನ್ನೆಯಲ್ಲಿ ಊರ ಗೌಡರ ಹೆಂಡತಿ ಗೌಡಶಾನಿಯವರ ತಿಪ್ಪೆ ಇತ್ತು. ಮಳೆ ಬಿದ್ದಾಗೆಲ್ಲ ಅದರ ರಸ ನೆಲದೊಳಗೆ ಇಳಿಯುತ್ತಿತ್ತು. ಅದನ್ನು ಹೇಳಿದ್ದೇ ತಡ, ಗೌಡಶಾನಿ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಬಂದರು.

"ಅಕೀ ಗಂಡನ ಕಲಾಯಿ ಕುಲುಮಿ ಹೊಗಿ ಹತ್ತಿ ಕರ್ರಗಾಗೇತಿ. ನಮ್ಮ ತಿಪ್ಪಿ ಮ್ಯಾಲ ಯಾಕ ಹಾಕ್ತೀರಿ? ನೆಲದಾಗ ಇಳಿದಿದ್ದು ನೆಲದಾಗ ಇರ್ತೈತಿ."

"ಮಳಿ ನೀರು ನೆಲದಾಗ ಇಳದು ಬಾವಿಗೆ ಬರ್ತೈತಿ. ತಿಪ್ಪಿ ನೀರಿಗೆ ಹಾದಿ ಗೊತ್ತಿಲ್ಲೇನ್ರಿ?" ಅಂದ ಖಾಲಾ ನನ್ನ ಕಡೆ ತಿರುಗಿದರು. "ಅಕ್ಕಾರ, ಎರಡು ಬಾಟ್ಲಿ ಕೊಡ್ರಿ. ಒಂದಕ್ಕ ಹಸೀ ನೀರು, ಒಂದಕ್ಕ ಕುದಿಸಿ ಆರಿಸಿದ್ದು. ಎರಡೂ ಗೌಡಶಾನ್ಯಾರ ದೇವ್ರ ಮನ್ಯಾಗ ಇರ್ಲಿ."

ನಾನು ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಮೂರು ವರ್ಷ ಕಲಿತ ವಿದ್ಯೆಯನ್ನು ಖಾಲಾ ಕೊಡ ತಿಕ್ಕುತ್ತಾ ಕಂಡುಹಿಡಿದಿದ್ದರು!

ಎರಡು ದಿನಕ್ಕೆ ಹಸಿ ನೀರಿನದು ಕರ್ರಗಾಯಿತು, ಕುದಿಸಿದ್ದು ಹಾಗೇ ಇತ್ತು. ಗೌಡಶಾನಿ ಸೋಲಲಿಲ್ಲ. "ಊದಿನಕಡ್ಡಿ ಹೊಗಿ ಹತ್ತಿರಬೇಕು."

"ಹೌದ್ರಿ" ಅಂದರು ಖಾಲಾ, "ಹೊಗಿ ಬಾಟ್ಲಿ ಆರಿಸಿ ಆರಿಸಿ ಹತ್ತತೈತಿ."

ಎಣ್ಣೆ ಡಬ್ಬಿಯ ಚಿಮಣಿ

"ತಿಪ್ಪಿ ಎತ್ತಸ್ತೀನಿ, ಮೊದ್ಲ ನಿನ್ನ ಗಂಡನ ಕುಲುಮಿ ಎತ್ತಸು" ಅಂದರು ಗೌಡಶಾನಿ. ಅದೂ ನ್ಯಾಯವೇ. ಕಾದ ಪಾತ್ರೆಗೆ ನವಸಾಗರ ಅನ್ನುವ ಉಪ್ಪು ತಿಕ್ಕಿದಾಗ ಏಳುವ ಬಿಳಿ ಹೊಗೆ ಸೀದಾ ಅವರ ಮಾಳಿಗೆ ಹೊಕ್ಕು ಕೆಮ್ಮು ತರುತ್ತಿತ್ತು.

ಓಣಿ ಚಾಚಾ ಅನ್ನುತ್ತಿದ್ದ ಖಾಲಾನ ಗಂಡ ನಾಲ್ಕು ಎಣ್ಣೆ ಡಬ್ಬಿಗಳ ತಳ ಕೊಯ್ದು, ಒಂದರ ಮೇಲೊಂದು ಜೋಡಿಸಿ, ಎತ್ತರದ ಚಿಮಣಿ ನಿಲ್ಲಿಸಿದರು. ಗೌಡಶಾನಿಯ ಕೆಮ್ಮು ನಿಂತಿತು. ನಾಲ್ಕನೇ ದಿನ ಹಿಂದಿನ ಓಣಿಯವರು ಕೆಮ್ಮುತ್ತಾ ಬಂದರು.

"ನಾ ಏನೂ ನಿಮ್ಮ ಓಣಿಗೆ ಕಳಿಸಿಲ್ರಿ. ಗಾಳಿ ಒಯ್ದೈತಿ" ಅಂದರು ಚಾಚಾ.

"ಕಸಾ ಮಗ್ಗಲ ಮನಿ ಅಂಗಳಕ್ಕ ಒಗದು, ನಮ್ಮ ಮನಿ ಹಸನಾತು ಅಂದಂಗಾತು" ಅಂತ ಖಾಲಾ ಗಂಡನನ್ನೇ ತರಾಟೆಗೆ ತೆಗೆದುಕೊಂಡರು.

ಚಾಚಾ ಮರುದಿನ ಒಂದು ಹಿಡಿ ಹೊಟ್ಟು ತೂರಿ ಗಾಳಿಯ ದಿಕ್ಕು ನೋಡಿದರು. ಊರಿನ ಕಡೆ ಹೊಗೆ ಬಾರದ ಬಯಲಿಗೆ ತಿದಿ, ಇದ್ದಿಲು ಎಲ್ಲಾ ಸಾಗಿಸಿದರು. ಅದೇ ಸಂಜೆ ಗೌಡಶಾನಿಯ ತಿಪ್ಪೆ ಎರಡು ಟ್ರಾಕ್ಟರ್ ಆಗಿ ಹೊಲಕ್ಕೆ ಹೋಯಿತು. ಮಾತೆಂದರೆ ಮಾತು. ವಾರದ ಮೇಲೆ ಗೌಡಶಾನಿ ಕಲಾಯಿಗೆ ಹಂಡೆ ಹೊರಿಸಿಕೊಂಡು ಬಯಲಿಗೆ ಬಂದು ಏದುಸಿರು ಬಿಟ್ಟರು: "ಇಷ್ಟು ದೂರ ಯಾಕ ಬಂದ್ಯೋ ಮಾರಾಯಾ?"

"ನೀವಽ ಕಳಿಸೀರಲ್ರಿ ಅವ್ವಾರ!"

ಎರಡು ದಿನ ತಡೀರಿ

ಬಾವಿಯ ನೀರು ಹೊರಚೆಲ್ಲಿ, ಬ್ಲೀಚಿಂಗ್ ಪೌಡರ್ ಹಾಕಿ, ಕೆಲವು ವಾರ ಬಿಟ್ಟು ಮತ್ತೆ ಸ್ಯಾಂಪಲ್ ತಂದೆ. ಈ ಸಲವೂ ಕರ್ರಗಾದರೆ ಗುರುತು ಹಾಕಲೇಬೇಕು ಅಂತ ನಮ್ಮ ಆಫೀಸಿನ ಸಾಹೇಬರು ಕೆಂಪು ಬಣ್ಣದ ಡಬ್ಬಿ ತರಿಸಿ ಇಟ್ಟಿದ್ದರು. ಖಾಲಾಗೆ ತಡೆಯಲಾಗಲಿಲ್ಲ. ಮೂರನೇ ದಿನ ತಾವೇ ಬಸ್ಸು ಹತ್ತಿ ರೋಣದ ನಮ್ಮ ಆಫೀಸಿಗೆ ಬಂದರು.

ಬಾಟ್ಲಿ ತಿಳಿಯಾಗಿಯೇ ಇತ್ತು. ಖಾಲಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. "ಮುಚ್ಚೂದಿಲ್ಲಲ್ರಿ?" ಅಂತ ಎರಡು ಸಲ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಿಸಿಲಲ್ಲಿ ಬಂದವರಿಗೆ ಆಫೀಸಿನ ಮಡಕೆಯಿಂದ ನೀರು ಕೊಟ್ಟೆ. ಖಾಲಾ ಕುಡಿಯಲಿಲ್ಲ. ಚೀಲದಿಂದ, ನಾನೇ ಹಿಂದೆ ಕೊಟ್ಟಿದ್ದ ಹೆಚ್ಚಿನ ಪರೀಕ್ಷೆಯ ಬಾಟ್ಲಿ ತೆಗೆದು ಅದಕ್ಕೆ ಸುರಿದುಕೊಂಡರು.

"ನಮ್ಮ ನೀರಿನ ಮ್ಯಾಲ ಸಂಶಯ ಏನ್ರಿ ಖಾಲಾ?"

"ಛೇ ಛೇ, ಕನ್ನಡಿಯಂಗ ಐತಿ" ಅಂದರು. "ನಮ್ಮದೂ ಹಂಗ ಇತ್ತು."

ಎರಡು ದಿನ ಬಿಟ್ಟು ಮತ್ತೆ ಬಂದರು. ಒಂದು ಕೈಯಲ್ಲಿ ಹೊಸ ಕಲಾಯಿಯ ತಂಬಿಗೆ, ತುಂಬಾ ಬಾವಿ ನೀರು. ಇನ್ನೊಂದು ಕೈಯಲ್ಲಿ ನಮ್ಮ ಮಡಕೆ ನೀರಿನ ಬಾಟ್ಲಿ, ಡಾಂಬರಿನಂತೆ ಕಪ್ಪು. ನಾವೆಲ್ಲ ಬೆರಳು ಅದ್ದಿ ಅದ್ದಿ ಲೋಟ ತುಂಬಿಸುತ್ತಿದ್ದ ಮಡಕೆ ಅದು. ಊರೂರಿಗೆ ಹೋಗಿ ಸ್ವಚ್ಛತೆಯ ಭಾಷಣ ಬಿಗಿಯುವ ಸಾಹೇಬರು ಫೈಲಿನೊಳಗೆ ತಲೆ ತೂರಿಸಿದರು.

"ಸಾಹೇಬ್ರ," ಅಂದರು ಖಾಲಾ ಬಹಳ ಮರ್ಯಾದೆಯಿಂದ, "ನಮ್ಮ ಬಾವಿಗಂತ ತಂದಿದ್ದ ಕೆಂಪು ಬಣ್ಣ ಉಳದೈತಲ್ರಿ?"

ಮಡಕೆಗೆ ಗುರುತು ಹಾಕಿದವಳು ನಾನೇ. ಗೆರೆ ಸೊಟ್ಟ ಬಂತು ಅಂತ ಖಾಲಾ ಎರಡನೇ ಸಲ ಎಳೆಸಿದರು.